ಬೇವು ಹಚ್ಚುವ ಕೈ

ನಮ್ಮೂರಿನಲ್ಲಿ ಮನೆ ಕೊಳ್ಳಲು ಬಂದವರು ಬಾವಿಯ ನೀರು ಸಿಹಿಯೋ ಸವಳೋ ಎಂದು ಕೇಳುವುದಕ್ಕೆ ಮೊದಲು, ಒಳಗೆ ಬಿಸಿ ಎಲ್ಲೆಲ್ಲಿದೆ ಎಂದು ಕೇಳುತ್ತಾರೆ. ಮಾರುವವರು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೂ ಪ್ರಯೋಜನವಿಲ್ಲ, ಬೆಕ್ಕು ತೋರಿಸಿಕೊಟ್ಟುಬಿಡುತ್ತದೆ. ನಡುಮನೆಯ ಕಂಬದ ಬುಡದಲ್ಲೋ ಹಿತ್ತಲ ಮೆಟ್ಟಿಲಿನ ಮೇಲೋ ಬೆಕ್ಕು ಸುರುಳಿ ಸುತ್ತಿ ಮಲಗಿತೆಂದರೆ, ಅಲ್ಲಿ ಬಹಳ ಕಾಲ ಕೂರುತ್ತಿದ್ದ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಸತ್ತವರ ಮೈ ತಣ್ಣಗಾಗುತ್ತದೆ; ಅವರು ಕೂತ ಜಾಗ ಆಗುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ನಾನು ಬೇರೆ ಊರುಗಳನ್ನು ಹೆಚ್ಚು ಕಂಡವಳಲ್ಲ. ಇಲ್ಲಿಗೆ ಬರುವ ಬಸ್ಸಿನ ಕಂಡಕ್ಟರನ ಬಳಿ ನಮ್ಮೂರಿನ ಹೆಸರಿನ ಟಿಕೆಟ್ ಕೂಡ ಇರುವುದಿಲ್ಲ. ಮುಂದಿನ ಸ್ಟಾಪಿನದನ್ನು ಹರಿದುಕೊಟ್ಟು ಇಲ್ಲಿ ಇಳಿಸಿ ಹೋಗುತ್ತಾನೆ.

ಬಿಸಿ ಎಂದರೆ ಸುಡುವ ಬಿಸಿಯಲ್ಲ. ಆಗಷ್ಟೇ ಒಬ್ಬರು ಎದ್ದುಹೋದ ಕುರ್ಚಿಯಲ್ಲಿ ಕೂತರೆ ಸೀರೆಯ ಮೂಲಕ ತಟ್ಟುತ್ತದಲ್ಲ, ಅಷ್ಟು. ಆ ಆಗಷ್ಟೇ ಎನ್ನುವುದು ಮುಗಿಯುವುದೇ ಇಲ್ಲ, ಅದೊಂದೇ ವ್ಯತ್ಯಾಸ. ಜನ ಇದಕ್ಕೆ ಹೊಂದಿಕೊಂಡೇ ಬದುಕುತ್ತಾರೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಒಂದು ತುದಿ ಯಾವ ಕಾಲದಲ್ಲೋ ಬೀಡಾ ಮಾರುತ್ತಿದ್ದವನದು. ಚಳಿಗಾಲದ ಬೆಳಿಗ್ಗೆ ಅದಕ್ಕಾಗಿ ಜಗಳವೇ ಆಗುತ್ತದೆ. ಎದುರುಮನೆಯ ಕಲ್ಲಮ್ಮ ತನ್ನ ಮಾವ ಕೂತು ಜಪ ಮಾಡುತ್ತಿದ್ದ ಮಣೆಯ ಮೇಲೆ ಹಾಲು ಹೆಪ್ಪಿಡುತ್ತಾಳೆ. "ಇದ್ದಾಗ ಒಂದ್ ಲೋಟ ಎತ್ತಿ ಆ ಕಡೆ ಇಟ್ಟೋನಲ್ಲ ನಮ್ ಮಾವ. ಈಗ್ಲಾದ್ರೂ ಮೊಸ್ರು ಮಾಡ್ಲಿ ಬಿಡು" ಎನ್ನುತ್ತಾಳೆ. ಮೊಸರು ಗಡ್ಡೆ ಕಟ್ಟಿರುತ್ತದೆ, ಹುಳಿ ಸ್ವಲ್ಪ ಜಾಸ್ತಿ. "ಅದೂ ಅವನ್ದೇ ಗುಣ."

ಇಂಥ ಹಳೆಯ ಬಿಸಿಗಳಿಂದ ಯಾರಿಗೂ ಕೇಡಿಲ್ಲ. ಕೇಡಾಗುವುದು ನಾವು ಜೀವ ಇಟ್ಟುಕೊಂಡವರ ಬಿಸಿಯಿಂದ. ಒಮ್ಮೆ ಕೂತವರಿಗೆ ಇನ್ನೊಮ್ಮೆ ಕೂರಬೇಕೆನಿಸುತ್ತದೆ. ಆಮೇಲೆ ಎದ್ದಾಗಲೆಲ್ಲ ಚಳಿಯಾಗತೊಡಗುತ್ತದೆ. ನಾನು ಚಿಕ್ಕವಳಿದ್ದಾಗ ಅಂಚೆ ಕಚೇರಿಯ ಹಿಂದಿನ ಮನೆಯಲ್ಲಿ ಅಲಮೇಲಮ್ಮ ಎಂಬವರಿದ್ದರು. ಅವರ ಅಣ್ಣ ತೂಗಿಕೊಳ್ಳುತ್ತಿದ್ದ ಉಯ್ಯಾಲೆಯ ಮಣೆಯನ್ನು ಅವರು ಬಿಡಲೇ ಇಲ್ಲ. ಚೈತ್ರದ ಬಿಸಿಲಲ್ಲಿ ಕಂಬಳಿ ಹೊದ್ದು, ಅದರ ಮೇಲೆಯೇ ಉಂಡು, ಅದರ ಮೇಲೆಯೇ ಮಲಗಿ, ಕೊನೆಗೆ ಉಣ್ಣುವುದನ್ನೂ ಬಿಟ್ಟು ಹೋದರು. ಸತ್ತ ಮೇಲೆ ಹುಡುಕಿದರೆ ಅವರದು ಎನ್ನುವ ಬಿಸಿ ಮನೆಯಲ್ಲಿ ಎಲ್ಲೂ ಇರಲಿಲ್ಲ. ಇನ್ನೊಬ್ಬರ ಬಿಸಿಯಲ್ಲಿ ಬದುಕಿದವರು ತಮ್ಮದನ್ನು ಬಿಟ್ಟುಹೋಗುವುದಿಲ್ಲ.

ಅದಕ್ಕೇ ನಮ್ಮಲ್ಲಿ ಉತ್ತರಕ್ರಿಯೆ ಮುಗಿದ ಮೇಲೆ ಬೇವು ಹಚ್ಚುತ್ತಾರೆ. ಮಗುವಿಗೆ ಹಾಲು ಬಿಡಿಸುವಾಗ ತಾಯಿಯ ಮೊಲೆಗೆ ಬೇವು ಅರೆದು ಹಚ್ಚುವ ಹಿರಿಯ ಹೆಂಗಸು ಯಾರಿರುತ್ತಾಳೋ, ಮನೆಯವರಿಗೆ ಸತ್ತವರನ್ನು ಬಿಡಿಸುವವಳೂ ಅವಳೇ. ಬಿಸಿ ಇರುವ ಜಾಗದ ತುಂಬ ಹಸಿರಾಗಿ ಮೆತ್ತುತ್ತಾಳೆ. ಅದು ಒಣಗಿ ಉದುರುವ ತನಕ ಯಾರೂ ಅಲ್ಲಿ ಮುಟ್ಟುವಂತಿಲ್ಲ. ಮುಟ್ಟುವವರಿಲ್ಲದ ಬಿಸಿ ತಾನಾಗಿ ಇಳಿಯುತ್ತದೆ. ಹಾಲು ಬಿಟ್ಟ ಮಗುವಿಗೆ ರಾಗಿ ಸರಿ ತಿನ್ನಿಸುವ ಹಾಗೆ, ಆ ಜಾಗಕ್ಕೆ ಹೋಗಿ ಕೂರುತ್ತಿದ್ದ ಹೊತ್ತಿಗೆ ಸರಿಯಾಗಿ ಇನ್ನೊಂದು ಕೆಲಸಕ್ಕೆ ಹಚ್ಚುತ್ತಾರೆ. ನನ್ನ ಗಂಡ ಹೋದಾಗ ಜಗುಲಿಯ ಆರಾಮ ಕುರ್ಚಿಗೆ ಬೇವು ಹಚ್ಚಿದವರು ನನ್ನ ಅತ್ತೆ. ಸತ್ತವನು ಅವರ ಮಗ. ಹಚ್ಚುವಾಗ ಅವರ ಕೈ ನಡುಗಲಿಲ್ಲ. "ಅಳು, ಬೇಕಾದಷ್ಟು ಅಳು. ಆದರೆ ನಿಂತ್ಕೊಂಡು ಅಳು. ಅಲ್ಲಿ ಕೂರಬೇಡ" ಎಂದಿದ್ದರು. ಸಂಜೆಯಾದರೆ ನಾನು ಪಾಠ ಮಾಡುವ ಶಾಲೆಯ ಕಾಂಪೊಸಿಷನ್ ಪೇಪರುಗಳ ಕಟ್ಟನ್ನು ತಂದು ನನ್ನ ತೊಡೆಯ ಮೇಲೆ ಹಾಕುತ್ತಿದ್ದರು. "ತಿದ್ದು. ಕೆಂಪು ಇಂಕು ಒಣಗಿ ಹೋಗ್ತಿದೆ." ತಿದ್ದಿದೆ. ನನಗೆ ಅಭ್ಯಾಸವಾಯಿತು. ಈಗ ಅದು ಬರೀ ಕುರ್ಚಿ. ಆಮೇಲೆ ಅತ್ತೆಯೂ ಹೋದರು. ಅವರು ಎಲ್ಲಿಯೂ ಕೂತವರಲ್ಲ, ಅವರ ಬಿಸಿ ಎಲ್ಲಿದೆ ಎಂದು ಮನೆಯೆಲ್ಲ ತಡಕಿದ ಮೇಲೆ ಒರಳುಗುಂಡಿನ ತಲೆಯ ಮೇಲೆ ಅಂಗೈಯಗಲ ಸಿಕ್ಕಿತು. ಅಷ್ಟರಲ್ಲಿ ಮನೆಗೆ ಮಿಕ್ಸಿ ಬಂದಿದ್ದರಿಂದ ಅದಕ್ಕೆ ಬೇವಿನ ಅಗತ್ಯವೇ ಬೀಳಲಿಲ್ಲ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಊರಿಗೆಲ್ಲ ಅಂಬುಜಾ ಮಿಸ್. ಪ್ರಫುಲ್ಲಾ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿ. ಒಮ್ಮೆ ಅವಳು ಬಾಲ್ಯದ ಬಗ್ಗೆ ಪ್ರಬಂಧ ಬರೆಯುತ್ತ, ತನ್ನನ್ನು ಅಜ್ಜಿಯ ಹಾಡುಗಳ ಮೇಲೆ ವೀನ್ ಮಾಡಲಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನು ಕೆಂಪು ಗೀಟು ಎಳೆದೆ. ಎಬ್ಬಿಸಿ ನಿಲ್ಲಿಸಿ ಕೇಳಿದೆ, ವೀನ್ ಎಂದರೆ ಹಾಲು ಬಿಡಿಸುವುದು, ನಿನಗೆ ಹಾಡು ಕುಡಿಸಿ ಬೆಳೆಸಿದರೋ ಹಾಡಿನಿಂದ ಬಿಡಿಸಿದರೋ ಎಂದು.

"ಬೆಳೆಸಿದ್ದು ಮಿಸ್. ಪೇಪರಲ್ಲೆಲ್ಲ ಹಂಗೇ ಬರೀತಾರೆ."

"ಪೇಪರಿನವರು ತಪ್ಪು ಬರೀತಾರೆ."

"ಎಲ್ಲಾರೂ ಅದೇ ತಪ್ಪು ಬರೆದ್ರೆ ಅದು ಸರಿ ಆಗಲ್ವಾ ಮಿಸ್?"

ತರಗತಿ ನಕ್ಕಿತು. ನಾನು ನಗಲಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಎರಡು ಕೈಯಲ್ಲಿ ಎತ್ತಬೇಕಾದ ಹಳೆಯ ನಿಘಂಟೊಂದಿದೆ. ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ತೆರೆದೆ. ಆ ಕ್ರಿಯಾಪದಕ್ಕೆ ಮೊದಲು ಬಿಡಿಸು ಎಂಬ ಅರ್ಥವೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಅಭ್ಯಾಸ ಮಾಡಿಸು, ರೂಢಿಗೆ ತರು. ಬಿಡಿಸುವುದಕ್ಕೆ ಅದೇ ಮಾತಿಗೆ ಮುಂದೊಂದು ತುಂಡು ಸೇರಿಸಿ ಹೇಳುತ್ತಿದ್ದರು. ಜರ್ಮನಿಯ ಜನ ಈಗಲೂ ಹಾಗೆ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಾರಂತೆ. ಇಂಗ್ಲಿಷಿನವರ ಬಾಯಲ್ಲಿ ಮುಂದಿನ ತುಂಡು ಸವೆದು ಉದುರಿಹೋಯಿತು. ಅದರ ಕೆಲಸವನ್ನು ಉಳಿದ ಮಾತೇ ಹೊತ್ತುಕೊಂಡಿತು. ತಾಯಿಯ ಹಾಲನ್ನು ಬಿಡುವುದೂ ಅನ್ನಕ್ಕೆ ಒಗ್ಗುವುದೂ ಒಂದೇ ದಿನದ ಕೆಲಸವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲವೇನೋ. ಇನ್ನೂ ಹಿಂದಕ್ಕೆ ಹೋದರೆ ಅದರ ಬೇರು ಆಸೆಯಲ್ಲಿದೆ, ನಮ್ಮ ವಾಂಛೆ ಎನ್ನುವ ಮಾತೂ ಅದೇ ಬೇರಿನದು ಎಂದು ಪಂಡಿತರು ಹೇಳುತ್ತಾರೆಂದು ಅದರಲ್ಲಿತ್ತು. ಮರುದಿನ ಇದನ್ನೆಲ್ಲ ತರಗತಿಯಲ್ಲಿ ಹೇಳಿ, ಪ್ರಫುಲ್ಲಾಗೆ ಕಳೆದಿದ್ದ ಅಂಕದಲ್ಲಿ ಅರ್ಧವನ್ನು ವಾಪಸು ಕೊಟ್ಟೆ.

"ಇನ್ನರ್ಧ ಮಿಸ್?"

"ಇನ್ನರ್ಧ ಈಗಿನ ಕಾಲಕ್ಕೆ ಇರಲಿ. ಕೂತ್ಕೋ."

ಆ ಹುಡುಗಿ ಕೆಲವು ವರ್ಷಗಳ ನಂತರ ನನ್ನ ಮಗ ಶ್ರೀಕಂಠನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಳು. ಶ್ರೀಕಂಠನಿಗೆ ಪೇಟೆಯಲ್ಲಿ ತಕ್ಕಡಿ ರಿಪೇರಿಯ ಅಂಗಡಿ. ಅತ್ತೆ ಎನ್ನುವ ಮಾತು ಮಾತ್ರ ಪ್ರಫುಲ್ಲಾಳ ಬಾಯಿಗೆ ಬರಲೇ ಇಲ್ಲ. "ಮಿಸ್, ಹುಳಿಗೆ ಉಪ್ಪು ಹಾಕಿದ್ದೀರಾ?" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. ಬೀದಿಯಲ್ಲಿ ಕೇಳಿಸಿಕೊಂಡವರು ನಗುತ್ತಿದ್ದರು. "ಸೊಸೆ ತಪ್ಪು ಮಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀರೇನ್ರೀ ಟೀಚರಮ್ಮ?" ಎಂದು ಕಲ್ಲಮ್ಮ ಕೇಳುತ್ತಿದ್ದಳು. ನನಗೆ ಅದು ಇಷ್ಟವೇ ಆಗಿತ್ತು. ಅತ್ತೆಯಾಗುವುದು ಹೇಗೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳಿಗೆ ಹುಟ್ಟಿದ್ದು ಹೆಣ್ಣು ಮಗು. ಇಟ್ಟ ಹೆಸರು ಏನೇ ಇರಲಿ, ಕರೆದದ್ದು ಗುಬ್ಬಿ ಎಂದು. ಗುಬ್ಬಿಯನ್ನು ಪ್ರಫುಲ್ಲಾ ಕೆಳಗಿಡುತ್ತಲೇ ಇರಲಿಲ್ಲ. ಎಡತೋಳಿನಲ್ಲಿ ಮಲಗಿಸಿಕೊಂಡು ಬಲಗೈಯಲ್ಲಿ ಸೌಟು ಆಡಿಸುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಬಾಗಿಲು ಹಾಕುತ್ತಿದ್ದಳು. ತೊಟ್ಟಿಲಿಗೆ ಹಾಕಿದರೆ ಮಗು ಕಿರುಚುತ್ತಿತ್ತು. "ಕೆಳಗೆ ಹಾಕೇ, ನಾಲ್ಕು ದಿನ ಅತ್ತು ಸುಮ್ಮನಾಗತ್ತೆ. ಅಭ್ಯಾಸ ಆಗತ್ತೆ" ಎಂದು ನಾನು ಹೇಳುತ್ತಿದ್ದೆ. "ಮಗೀನ ಇಳಿಸಿದ್ರೆ ಭೂಮಿ ಸವೆದೋಯ್ತದಾ?" ಎಂದು ಕಲ್ಲಮ್ಮ. ಪ್ರಫುಲ್ಲಾ ನಕ್ಕು, "ಇಳಿಸ್ತೀನಿ ಮಿಸ್, ಇನ್ನೊಂಚೂರು ದೊಡ್ಡದಾಗ್ಲಿ" ಎನ್ನುತ್ತಿದ್ದಳು.

ಮಳೆಗೆ ಮುಂಚೆ ಊರಿಗೆ ಬಂದ ಜ್ವರದಲ್ಲಿ ಗುಬ್ಬಿ ಹೋಯಿತು. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಬೆಳಿಗ್ಗೆ ಇತ್ತು, ಸಂಜೆ ಇರಲಿಲ್ಲ.

ಮಗುವಿನ ಬಿಸಿಯನ್ನು ಹುಡುಕಲು ಬೀದಿಯ ಹೆಂಗಸರು ಬಂದರು. ಅದು ನಮ್ಮಲ್ಲಿನ ಮರ್ಯಾದೆ. ದುಃಖದಲ್ಲಿರುವವರ ಕೈಗೆ ಮೊದಲು ಸಿಗಬಾರದು ಎಂದು ಹೊರಗಿನವರೇ ಹುಡುಕುತ್ತಾರೆ. ತೊಟ್ಟಿಲಿನ ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡಿದರು, ತಣ್ಣಗಿತ್ತು. ಚಾಪೆ, ಹೊಸಿಲು, ಸ್ನಾನ ಮಾಡಿಸುವ ಕಲ್ಲು, ಶ್ರೀಕಂಠನ ಹಾಸಿಗೆಯ ಅಂಚು, ಎಲ್ಲವೂ ತಣ್ಣಗಿದ್ದವು. ಬೆಕ್ಕು ಕೂಡ ಮನೆಯಲ್ಲಿ ಸುಮ್ಮನೆ ಅಲೆಯುತ್ತಿತ್ತು. "ಹಸುಗೂಸು, ಏನೂ ಬಿಟ್ಟೋಗಿಲ್ಲ. ಅದಕ್ಕೆ ಇನ್ನಾ ಬಿಡೋದಕ್ಕೆ ಏನಿತ್ತು" ಎಂದು ಒಬ್ಬಳು ಹೇಳಿದಳು. ನನಗೆ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಹಚ್ಚುವ ಕೆಲಸ ತಪ್ಪಿತು ಎಂದುಕೊಂಡೆ.

ಪ್ರಫುಲ್ಲಾ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಅವಳ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಹಾಲು ಬತ್ತಲಿ ಎಂದು ನಾನು ಮಲ್ಲಿಗೆ ಮೊಗ್ಗನ್ನು ಬಟ್ಟೆಯಲ್ಲಿ ಹರಡಿ ಎದೆಗೆ ಬಿಗಿದು ಕಟ್ಟಿದ್ದೆ. ಮನೆಯೆಲ್ಲ ಮದುವೆಮನೆಯ ಹಾಗೆ ಘಮಘಮ ಎನ್ನುತ್ತಿತ್ತು. ಬಾಡಿದ ಹೂವನ್ನು ಬದಲಿಸಲು ಕೂತಾಗ ಅವಳು ಮೆಲ್ಲಗೆ ಹೇಳಿದಳು.

"ಅವರಿಗೆ ಹುಡುಕಬೇಡಿ ಅನ್ನಿ ಮಿಸ್. ಇಲ್ಲಿದೆ."

ಬಲಗೈಯನ್ನು ಎಡತೋಳಿನ ಮೇಲೆ ಇಟ್ಟುಕೊಂಡಿದ್ದಳು. ಮೊಣಕೈಯ ಮಡಿಕೆಯಿಂದ ಮಣಿಕಟ್ಟಿನವರೆಗೆ. ನಾನು ಮುಟ್ಟಲು ಕೈ ಚಾಚಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡೆ. ಮುಟ್ಟದೆಯೇ ಗೊತ್ತಾಗುತ್ತಿತ್ತು. ಅವಳ ಮೈಯೆಲ್ಲ ಚಳಿಗೆ ಮುಳ್ಳೆದ್ದಿತ್ತು, ಆ ತೋಳಿನ ಮೇಲೆ ಮಾತ್ರ ರೋಮ ನುಣ್ಣಗೆ ಮಲಗಿದ್ದವು.

ಇಂಥದ್ದನ್ನು ಊರಿನಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಕುರ್ಚಿಯಾದರೆ ತಿರುಗಿಸಿ ಗೋಡೆಗೆ ಇಡಬಹುದು, ಮೆಟ್ಟಿಲಾದರೆ ದಾಟಿಹೋಗಬಹುದು. ಮೈಮೇಲಿನ ತೋಳಿನಿಂದ ಹೆಂಗಸನ್ನು ದೂರ ಇಡುವುದು ಹೇಗೆ? ಹೆಂಗಸರು ಜಗುಲಿಯಲ್ಲಿ ಕೂತು ಯೋಚಿಸಿದರು. "ಎರಡು ದಿನದ ಹಸುಗೂಸು ಹೋದಾಗ ನಮ್ಮತ್ತಿಗೇದು ಹೊಟ್ಟೆ ಬೆಚ್ಚಗಿತ್ತಂತೆ, ಆದರೆ ಅದು ತಾನೇ ಇಳೀತು" ಎಂದು ಒಬ್ಬಳು. "ಮಲಗಿದಾಗ ಕೈ ಹೋಗೇ ಹೋಯ್ತದೆ, ಯಾರು ಕಾಯೋದು?" ಎಂದು ಇನ್ನೊಬ್ಬಳು. ಕಲ್ಲಮ್ಮ ಮಾತ್ರ ನನ್ನ ಮುಖ ನೋಡಿಕೊಂಡು ಕೂತಿದ್ದಳು. ಹೋಗುವಾಗ, "ಮನೆಗೆ ಹಿರೇಳು ನೀನೇ ಕಣಮ್ಮ. ಗಾಳಿಗೆ ಬಿಡಬ್ಯಾಡ" ಎಂದಳು.

ನಾನು ಗಾಳಿಗೆ ಬಿಟ್ಟೆ. ಮಗುವಿಗೆ ಕೂಡ ಸಮಯ ಬರುವ ತನಕ ಹಾಲು ಬಿಡಿಸುವುದಿಲ್ಲ, ಇವಳಿಗೂ ಸ್ವಲ್ಪ ದಿನ ಇರಲಿ ಎಂದುಕೊಂಡೆ. ಎದೆಯ ಹಾಲು ಬತ್ತಿತು. ದೇಹಕ್ಕೆ ಎಷ್ಟು ಬೇಗ ತಿಳಿಯುತ್ತದೆ ಎಂದು ನನಗೆ ಆಶ್ಚರ್ಯವಾಗಿತ್ತು. ತೋಳಿಗೆ ತಿಳಿಯಲಿಲ್ಲ. ಪ್ರಫುಲ್ಲಾ ಅದನ್ನು ಮಡಿಸಿ ಎದೆಗೆ ಒತ್ತಿಕೊಂಡೇ ಓಡಾಡುತ್ತಿದ್ದಳು. ಬಲಗೈ ಅದರ ಮೇಲೆ ಮುಚ್ಚಳದ ಹಾಗೆ ಇರುತ್ತಿತ್ತು, ಹಾಗಾಗಿ ಯಾವ ಕೆಲಸಕ್ಕೂ ಕೈ ಉಳಿಯುತ್ತಿರಲಿಲ್ಲ. ಬಾಗಿಲನ್ನು ಬೆನ್ನಿನಿಂದ ತಳ್ಳುತ್ತಿದ್ದಳು. ಊಟ ನಾನು ತಿನ್ನಿಸಿದರೆ ಎರಡು ತುತ್ತು. ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದಳು. ಒಂದು ದಿನ ಶ್ರೀಕಂಠ ಅವಳ ಭುಜದ ಮೇಲೆ ಕೈ ಇಟ್ಟಾಗ, "ನಿಮ್ಮ ಕೈ ಯಾಕೆ ಇಷ್ಟು ತಣ್ಣಗಿದೆ? ನೀರಲ್ಲಿ ಇಟ್ಕೊಂಡಿದ್ರಾ?" ಎಂದು ಕೇಳಿದಳು. ಅವನು ಕೈ ತೆಗೆದು, ಅದನ್ನೇ ಸ್ವಲ್ಪ ಹೊತ್ತು ನೋಡಿಕೊಂಡು, ಅಂಗಡಿಗೆ ಹೋದ.

ನಾನು ಹೇಳಿ ನೋಡಿದೆ. ಅಲಮೇಲಮ್ಮನ ಕಥೆ ಹೇಳಿದೆ. ಶಾಲೆಯ ದನಿಯಲ್ಲಿಯೇ ಹೇಳಿದೆ, ನನಗೆ ಬೇರೆ ದನಿ ಬರುವುದಿಲ್ಲ.

"ಇದು ಹೀಗೇ ಆದರೆ ನೀನು ಉಳಿಯಲ್ಲ ಪ್ರಫುಲ್ಲಾ. ನೀನು ಹೋದರೆ ಆ ತೋಳನ್ನೂ ಸುಡ್ತಾರೆ. ಆಗ ಅದೂ ಇರಲ್ಲ."

"ಅಲ್ಲೀವರೆಗೂ ಇರತ್ತಲ್ಲ ಮಿಸ್."

ಆಮೇಲೆ ಅವಳೇ ಕೇಳಿದಳು. "ನೀವು ಪಾಠ ಮಾಡಿದ್ರಲ್ಲ. ತಾಯಿ ಮಗೂನ ವೀನ್ ಮಾಡ್ತಾಳೆ ಅಂತ. ಗುಬ್ಬಿಗೆ ಹಲ್ಲೂ ಸರಿಯಾಗಿ ಬಂದಿರ್ಲಿಲ್ಲ, ನಾನಿನ್ನೂ ಶುರುನೇ ಮಾಡಿರ್ಲಿಲ್ಲ. ಅವಳೇ ನನ್ನ ಬಿಡಿಸಿ ಹೋದ್ಲು. ಮಗು ತಾಯೀನ ಬಿಡಿಸೋದಕ್ಕೆ ಏನಾದ್ರೂ ಮಾತಿದ್ಯಾ ಮಿಸ್ ನಿಮ್ಮ ಆ ದೊಡ್ಡ ಡಿಕ್ಷನರೀಲಿ?"

ಇರಲಿಲ್ಲ. ಆ ಪುಟದಲ್ಲಿ ಕೊಟ್ಟಿದ್ದ ಎಲ್ಲ ಉದಾಹರಣೆಗಳಲ್ಲೂ ಮಾಡುವವಳು ತಾಯಿ ಅಥವಾ ದಾದಿ, ಬಿಡುವುದು ಕೂಸು, ಕರು, ಕುರಿಮರಿ. ತಾಯಿಗೆ ಏನಾಯಿತು ಎಂದು ಯಾರೂ ಬರೆದಿರಲಿಲ್ಲ. ಇಲ್ಲ ಎಂದೆ. ಅವಳು, ಉತ್ತರ ಸರಿಯಾಗಿದೆ ಎನ್ನುವ ಹಾಗೆ ತಲೆ ಆಡಿಸಿದಳು.

ಬೆಂಕಿ ಹತ್ತಿದ್ದು ಆಷಾಢದ ಒಂದು ಬೆಳಿಗ್ಗೆ. ಚಳಿ ತಾಳಲಾಗದೆ ಅವಳು ಒಲೆಯ ಪಕ್ಕಕ್ಕೆ ಸರಿದು ಸರಿದು ಕೂತಿದ್ದಳು. ಸೆರಗಿನ ತುದಿ ಯಾವಾಗ ಹತ್ತಿಕೊಂಡಿತೋ ಗೊತ್ತಿಲ್ಲ. ನಾನು ಹಿತ್ತಲಿನಿಂದ ಓಡಿಬರುವಷ್ಟರಲ್ಲಿ ಅವಳು ಎದ್ದು ನಿಂತು, ಎಡತೋಳನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಬಲಗೈಯೊಂದರಿಂದಲೇ ಉರಿಯುವ ಬಟ್ಟೆಯನ್ನು ಕಿತ್ತು ಕಿತ್ತು ಎಸೆಯುತ್ತಿದ್ದಳು. ಬಾಯಲ್ಲಿ, "ಏನಿಲ್ಲ, ಏನಿಲ್ಲ ಪುಟ್ಟೀ, ಏನಿಲ್ಲ" ಎನ್ನುತ್ತಿದ್ದಳು. ನಾನು ಕೊಡ ಎತ್ತಿ ನೀರು ಸುರಿದೆ. ಅವಳ ಬಲ ಅಂಗೈ ಪೂರ್ತಿ ಬೆಂದಿತ್ತು. ಎಡತೋಳಿಗೆ ಒಂದು ಕಿಡಿಯೂ ತಾಗಿರಲಿಲ್ಲ.

ಆ ಸಂಜೆ ಶ್ರೀಕಂಠ ನನ್ನನ್ನು ಜಗುಲಿಗೆ ಕರೆದ. ಅವನು ಹೆಚ್ಚು ಮಾತಿನವನಲ್ಲ. ಕೈಯಲ್ಲಿ ಯಾವುದೋ ತಕ್ಕಡಿಯ ಮುಳ್ಳು ಇತ್ತು, ಅದನ್ನೇ ತಿರುಗಿಸುತ್ತ ನಿಂತಿದ್ದ.

"ಅಮ್ಮ, ನೀನು ಹಚ್ಚಿಬಿಡು."

"ಅದು ಇಳಿದುಬಿಡತ್ತೆ ಕಣೋ. ಗುಬ್ಬೀದು ಅಂತ ಮತ್ತೆ ಏನೂ ಉಳಿಯಲ್ಲ."

"ಗೊತ್ತು. ನಾನು ಒಂದ್ಸಲವೂ ಮುಟ್ಟಿಲ್ಲ ಅಮ್ಮ ಅದನ್ನ. ಅವಳು ಮಲಗಿದ್ದಾಗ ಹತ್ರ ಹೋಗಿ ಕೂತಿದ್ದೀನಿ, ಮುಟ್ಟಿಲ್ಲ. ಮುಟ್ಟಿದ್ರೆ ನಾನೂ ಹೋಗ್ತೀನಿ. ಇಬ್ಬರನ್ನ ನೀನೊಬ್ಬಳು ಹೆಂಗೆ ಎತ್ತಿ ನಿಲ್ಲಿಸ್ತೀಯ?" ತಕ್ಕಡಿಯ ಮುಳ್ಳನ್ನು ಜೇಬಿಗೆ ಹಾಕಿಕೊಂಡ. "ಇವಳಾದ್ರೂ ಉಳೀಲಿ."

ನಾನು ಮಾರನೆಯ ದಿನ ಬೇವಿನ ಸೊಪ್ಪು ತಂದು ಅರೆದೆ. ಮಿಕ್ಸಿಗೆ ಹಾಕಲು ಮನಸ್ಸಾಗಲಿಲ್ಲ, ಒರಳಿನಲ್ಲಿಯೇ ಅರೆದೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದರೆ, ಪ್ರಫುಲ್ಲಾ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಕೂತಿದ್ದಳು. ವಾಸನೆಗೇ ಅವಳಿಗೆ ತಿಳಿಯಿತು. ಜಗಳವಾಡುತ್ತಾಳೆ, ಓಡುತ್ತಾಳೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. ಸುಮ್ಮನೆ ತೋಳನ್ನು ನೋಡಿಕೊಂಡಳು.

"ತೋಳು ಸೋತುಹೋಗಿದೆ ಮಿಸ್. ಇಳಿಸೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಇಳಿಸೋಕೆ ಬರ್ತಾನೇ ಇಲ್ಲ." ತಲೆ ಎತ್ತಿದಳು. "ನೀವು ಇಳಿಸಿಕೊಳ್ಳಿ."

ಕೈ ಚಾಚಿದಳು. ಪರೀಕ್ಷೆಯಲ್ಲಿ ತಪ್ಪು ಬರೆದು ಏಟಿಗೆ ಕೈ ಒಡ್ಡುವ ಹುಡುಗಿಯ ಹಾಗೆ ಅಲ್ಲ. ನಿದ್ದೆ ಹೋದ ಮಗುವನ್ನು ಇನ್ನೊಬ್ಬರಿಗೆ ದಾಟಿಸುವಾಗ ಎಷ್ಟು ಮೆತ್ತಗೆ ಒಡ್ಡುತ್ತಾರೋ ಹಾಗೆ.

ನಾನು ಬೇವನ್ನು ಬೆರಳಿನಲ್ಲಿ ತೆಗೆದು ಮಣಿಕಟ್ಟಿನಿಂದ ಶುರು ಮಾಡಿದೆ. ತಣ್ಣನೆಯ ಹಸಿ ಸೊಪ್ಪಿನ ಒಳಗಿಂದ ಬಿಸಿ ನನ್ನ ಅಂಗೈಗೆ ಬಂತು. ಅದು ಒಂದೇ ಸಮ ಇರಲಿಲ್ಲ. ಮಣಿಕಟ್ಟಿನ ಬಳಿ ತೆಳುವಾಗಿತ್ತು, ಅಲ್ಲಿ ಕಾಲುಗಳು ಆಗಾಗ ಒದೆಯುತ್ತ ಇದ್ದವು. ಮುಂದೆ ಬೆನ್ನು ಒರಗುತ್ತಿದ್ದಲ್ಲಿ ಅಗಲವಾಗಿ ಹರಡಿತ್ತು. ಮೊಣಕೈಯ ಮಡಿಕೆಯಲ್ಲಿ, ತಲೆ ಇರು‌ತ್ತಿದ್ದಲ್ಲಿ, ದುಂಡಗೆ ಗಟ್ಟಿಯಾಗಿ ನಿಂತಿತ್ತು. ಹಾಲು ಕುಡಿದು ಬೆವರಿದ ನೆತ್ತಿಯ ತೇವ ಕೂಡ ಇದೆಯೇನೋ ಎನ್ನುವಷ್ಟು. ನಾನು ಗುಬ್ಬಿಯನ್ನು ಅಷ್ಟು ಪೂರ್ತಿಯಾಗಿ, ಕಾಲಿನಿಂದ ನೆತ್ತಿಯವರೆಗೆ, ಅದು ಬದುಕಿದ್ದಾಗ ಒಮ್ಮೆಯೂ ಮುಟ್ಟಿರಲಿಲ್ಲ. ಶಾಲೆ, ಪೇಪರು, ಅಡುಗೆ. ಕೈ ಅಲ್ಲಿಯೇ ನಿಲ್ಲಬೇಕೆಂದು ಬಯಸಿತು. ನನ್ನ ಅತ್ತೆಯ ಕೈ ನಡುಗಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ನಡುಗದ ಹಾಗೆ ಹಿಡಿದುಕೊಳ್ಳಲು ಎಷ್ಟು ಬಲ ಬೇಕೆಂದು ಆಗ ತಿಳಿಯಿತು. ದಪ್ಪಗೆ ಹಚ್ಚಿದೆ, ಮೇಲೆ ಬಿಳಿ ಬಟ್ಟೆ ಸುತ್ತಿದೆ, ಎದ್ದು ಬಾವಿಯ ಬಳಿ ಹೋಗಿ ಕೈ ತೊಳೆದೆ. ಬೇವು ಹೋಯಿತು. ಅಂಗೈಯಲ್ಲಿದ್ದದ್ದು ಹೋಗಲಿಲ್ಲ.

ನಂತರದ್ದೆಲ್ಲ ಅಭ್ಯಾಸದ ಕೆಲಸ. ಗುಬ್ಬಿಗೆ ಹಾಲು ಕೊಡುತ್ತಿದ್ದ ಹೊತ್ತುಗಳಲ್ಲಿ ನಾನು ಅವಳ ಮುಂದೆ ಪೇಪರುಗಳ ಕಟ್ಟು ಇಡುತ್ತಿದ್ದೆ. ಮೊದಮೊದಲು ಬೆಂದ ಬಲಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ನಾನು ಓದುತ್ತಿದ್ದೆ, ಅವಳು ತಪ್ಪು ಎಲ್ಲಿದೆ ಎಂದು ಹೇಳಬೇಕಿತ್ತು. ಅವಳು ಮಾತಾಡುತ್ತಿರಲಿಲ್ಲ. ನಾನು ಓದುತ್ತಲೇ ಇರುತ್ತಿದ್ದೆ. ಒಂದು ಮಧ್ಯಾಹ್ನ ಯಾವಳೋ ಹುಡುಗಿ ತನ್ನ ಹಸು ದಿನಾ ಶಾಲೆಗೆ ಹೋಗುತ್ತದೆ, ಚೆನ್ನಾಗಿ ಓದುತ್ತದೆ ಎಂಬ ಅರ್ಥ ಬರುವ ಹಾಗೆ ಬರೆದಿದ್ದನ್ನು ಓದಿದಾಗ, ಅವಳ ತುಟಿಯ ಒಂದು ಮೂಲೆ ಅಲುಗಿತು. ಶ್ರೀಕಂಠ ಬಾಗಿಲಲ್ಲಿ ನಿಂತಿದ್ದವನು ಹೊರಗೆ ಹೋಗಿ ಕಣ್ಣೊರೆಸಿಕೊಂಡ. ಬಲಗೈ ಮಾಗಿತು. ಅವಳೇ ಪೆನ್ನು ಹಿಡಿದಳು. ಸ್ವೆಟರ್ ಬಿಟ್ಟಳು. ಒಂದು ದಿನ ಊಟಕ್ಕೆ ಕೂತು, "ಸಾರು ಇನ್ನೊಂದು ಸೌಟು ಹಾಕಿ ಮಿಸ್" ಎಂದಳು. ಬೇವು ಒಣಗಿ, ಬಿರಿದು, ಬಟ್ಟೆಯೊಳಗಿನಿಂದ ಪುಡಿಪುಡಿಯಾಗಿ ಬೀಳುತ್ತಿತ್ತು. ಅವಳೇ ಅದನ್ನು ಗುಡಿಸಿ ಹಾಕುತ್ತಿದ್ದಳು. ಬಟ್ಟೆ ಯಾವ ದಿನ ಕಳಚಿ ಬಿತ್ತು ಎನ್ನುವುದನ್ನು ಅವಳು ಗಮನಿಸಲಿಲ್ಲ. ನಾನು ಗಮನಿಸಿದೆ. ಬಾವಿಯಿಂದ ನೀರು ಸೇದುತ್ತಿದ್ದಳು, ಎರಡೂ ಕೈಯಲ್ಲಿ.

"ಎಂಥಾ ಕೈಯಮ್ಮ ನಿಂದು" ಎಂದಳು ಕಲ್ಲಮ್ಮ. "ಮೈಮ್ಯಾಲಿಂದ ಬಿಡಿಸೋದು ಅಂದ್ರೆ ತಮಾಸೆನಾ? ಊರಾಗೆ ಇನ್ನ್ಯಾರ ಕೈಲೂ ಆಯ್ತಿರ್ಲಿಲ್ಲ."

ಈಗ ಬೇರೆ ಬೀದಿಗಳಿಂದಲೂ ನನ್ನನ್ನು ಕರೆಯಲು ಬರುತ್ತಾರೆ. ಹೋಗುತ್ತೇನೆ. ಎಲ್ಲರ ಮನೆಯಲ್ಲೂ ಹಚ್ಚುತ್ತೇನೆ. ಕುರ್ಚಿಗಳಿಗೆ, ಹೊಸಿಲುಗಳಿಗೆ, ಒಮ್ಮೆ ಒಂದು ಸೈಕಲ್ಲಿನ ಸೀಟಿಗೆ. ಬಂದು ಎಷ್ಟು ಕೈ ತೊಳೆದರೂ ನನ್ನ ಅಂಗೈ ಹಾಗೆಯೇ ಇದೆ. ಬೆರಳುಗಳನ್ನು ಮಡಿಚಿದರೆ ಒಳಗೆ ದುಂಡಗೆ ಇರುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಬೇವು ಹಚ್ಚಬೇಕಾದವಳು ಮನೆಗೆ ಹಿರಿಯಳು, ಅವಳು ನಾನೇ. ಮಾಗಿಯಲ್ಲಷ್ಟೇ ಅಲ್ಲ, ಬಿಸಿಲಲ್ಲೂ ಇತ್ತೀಚೆಗೆ ನನಗೆ ಬೆನ್ನಿಗೆ ಚಳಿಯಾಗುತ್ತದೆ. ವಯಸ್ಸು ಎಂದು ಹೇಳುತ್ತೇನೆ.

ನಿನ್ನೆ ಸಂಜೆ ನಾವಿಬ್ಬರೂ ಜಗುಲಿಯಲ್ಲಿ ಪೇಪರು ತಿದ್ದುತ್ತಿದ್ದೆವು. ಪ್ರಫುಲ್ಲಾಗೆ ಈಗ ನನಗಿಂತ ಬೇಗ ತಪ್ಪು ಕಾಣುತ್ತದೆ. ಅವಳ ಮುಂದೆ ಇದ್ದ ಪ್ರಬಂಧದಲ್ಲಿ ಹುಡುಗಿಯೊಬ್ಬಳು ತನ್ನ ಪುಟ್ಟ ತಮ್ಮನನ್ನು ಎತ್ತಿಕೊಂಡು ಅಂಗಡಿಗೆ ಹೋದದ್ದನ್ನು ಬರೆದಿದ್ದಳು. ಪ್ರಫುಲ್ಲಾ ಓದುವುದನ್ನು ನಿಲ್ಲಿಸಿದಳು. ಅಳುತ್ತಾಳೆ ಎಂದುಕೊಂಡು ನಾನು ಪೆನ್ನು ಕೆಳಗಿಟ್ಟೆ. ಅವಳು ಅಳಲಿಲ್ಲ. ಏನನ್ನೋ ಎಲ್ಲಿಟ್ಟೆ ಎಂದು ನೆನಪಿಸಿಕೊಳ್ಳುವವರ ಮುಖವಿತ್ತು.

ಬಲತೋಳನ್ನು ಮಡಿಸಿದಳು. ಮೊಣಕೈಯ ಮಡಿಕೆಯನ್ನು ಸ್ವಲ್ಪ ಮೇಲೆತ್ತಿ, ಅಂಗೈಯನ್ನು ತಟ್ಟೆಯ ಹಾಗೆ ಮಾಡಿ, ಆ ಖಾಲಿ ಜಾಗವನ್ನು ನೋಡಿದಳು. ಅಂಗೈಯ ಮೇಲೆ ಸುಟ್ಟ ಕಲೆ ಹೊಳೆಯುತ್ತಿತ್ತು. ಎಡಗೈ ಪಕ್ಕದಲ್ಲಿ ಪೇಪರು ಹಾರದ ಹಾಗೆ ಒತ್ತಿಕೊಂಡು ಬಿದ್ದಿತ್ತು.

"ಹೀಗಲ್ವಾ ಮಿಸ್, ಅವಳು ಮಲಗ್ತಾ ಇದ್ದಿದ್ದು? ತಲೆ ಈ ಕಡೆ?"

ನಾನು ಪೇಪರಿನ ಮೇಲಿದ್ದ ಎಡತೋಳನ್ನು ನೋಡಿದೆ, ಆಮೇಲೆ ಅವಳ ಮುಖ ನೋಡಿದೆ. ಅಲ್ಲಿ ಸಂಕಟವಿರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು.

"ಹೌದು" ಎಂದೆ. "ಹಾಗೇ."

ಅವಳು ತೋಳನ್ನು ಇಳಿಸಿ, ಮುಂದಿನ ಪೇಪರು ತೆಗೆದುಕೊಂಡಳು.